ಪೇಟೆಯ ಮಿಷನ್ ಶಾಲೆ, ದಂಡಿನ ಕಾನ್ವೆಂಟ್

ಬೆಂಗಳೂರಿನ ಹಳೆಯ ಕ್ರೈಸ್ತ ಶಾಲೆಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ: ಕಾನ್ವೆಂಟ್. ಆದರೆ ಅವು ಹುಟ್ಟಿದ್ದು ಎರಡು ಬೇರೆ ಜಾಗಗಳಲ್ಲಿ, ಎರಡು ಬೇರೆ ಉದ್ದೇಶಗಳಿಗೆ. ಒಂದು ಬಗೆಯವು ಕನ್ನಡ, ತೆಲುಗು ಮಾತಾಡುವ ಪೇಟೆಯ ಹುಡುಗರಿಗಾಗಿ ತೆರೆದ ಮಿಷನ್ ಶಾಲೆಗಳು. ಇನ್ನೊಂದು ಬಗೆಯವು ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ದಂಡು ಪ್ರದೇಶದಲ್ಲಿ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ ಕಟ್ಟಿದ ವಸತಿ ಶಾಲೆಗಳು. ಎರಡೂ ಮಕ್ಕಳನ್ನು ಕಾಲೇಜಿಗೆ ಸಿದ್ಧಮಾಡುತ್ತಿದ್ದವು. ಆದರೆ ಯಾವ ಕಾಲೇಜಿಗೆ, ಯಾವ ಪರೀಕ್ಷೆಯ ಮೂಲಕ, ಯಾರ ಮಕ್ಕಳನ್ನು ಎಂಬಲ್ಲಿ ಅವುಗಳ ದಾರಿ ಬೇರೆಯಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಓದಲು ಬೆಂಗಳೂರಿಗೆ ಹೋದವರ ಕಥೆಗೂ ಈ ವ್ಯತ್ಯಾಸಕ್ಕೂ ನೇರ ಸಂಬಂಧವಿದೆ.

ಪೇಟೆಯ ಕಥೆ ಮೊದಲು ಶುರುವಾಗುತ್ತದೆ. ಲಂಡನ್ ಮಿಷನ್ನಿನ ಪಾದ್ರಿಗಳು ಬೆಂಗಳೂರಿಗೆ ಬಂದದ್ದು 1820ರಲ್ಲಿ. ಅವರ ಬೆನ್ನಿಗೇ ವೆಸ್ಲಿಯನ್ ಮಿಷನ್ ಬಂತು. ಧರ್ಮಪ್ರಚಾರ ಅವರ ಮುಖ್ಯ ಉದ್ದೇಶವಾಗಿತ್ತು. ಶಾಲೆ ಅದಕ್ಕೊಂದು ದಾರಿ ಎಂದು ಅವರು ನಂಬಿದ್ದರು. ಆ ಕಾಲಕ್ಕೆ ಊರೂರಲ್ಲಿ ಇದ್ದದ್ದು ಕೂಲಿಮಠಗಳು. ಅಲ್ಲಿ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಲೆಕ್ಕಪತ್ರ ಬರೆಯುವಷ್ಟು ಕಲಿತು ಹೊರಬರುತ್ತಿದ್ದರು. ಇಂಗ್ಲಿಷ್, ಭೂಗೋಳ, ಅಚ್ಚಾದ ಪಠ್ಯಪುಸ್ತಕ, ತರಗತಿವಾರು ಪಾಠ, ಲಿಖಿತ ಪರೀಕ್ಷೆ ಇವನ್ನೆಲ್ಲ ಒಟ್ಟಿಗೆ ತಂದ ಶಾಲೆಗಳಲ್ಲಿ ಮಿಷನ್ ಶಾಲೆಗಳು ಮೊದಲ ಸಾಲಿನವು. ಹೆಣ್ಣುಮಕ್ಕಳಿಗಾಗಿ ಕನ್ನಡದಲ್ಲಿ ಪಾಠ ಹೇಳುವ ಶಾಲೆಯನ್ನು ಲಂಡನ್ ಮಿಷನ್ನಿನ ಪಾದ್ರಿಗಳ ಪತ್ನಿಯರು 1840ರ ದಶಕದಲ್ಲೇ ಶುರುಮಾಡಿದ್ದರು. ಕಾರ್ಪೊರೇಷನ್ ಕಚೇರಿಯ ಹತ್ತಿರದ ಮಿಷನ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ.

ಸರ್ಕಾರಿ ಶಿಕ್ಷಣದ ಬುನಾದಿಯಲ್ಲೂ ಮಿಷನ್ನಿನವರ ಕೈ ಇತ್ತು. 1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಆದೇಶಪತ್ರದ ಪ್ರಕಾರ ಸರ್ಕಾರವು ಖಾಸಗಿ ಶಾಲೆಗಳಿಗೂ ಅನುದಾನ ಕೊಡಬಹುದಿತ್ತು. ಶಾಲೆಯ ಧರ್ಮಬೋಧನೆಯ ವಿಚಾರಕ್ಕೆ ತಲೆಹಾಕದೆ, ಲೌಕಿಕ ಪಾಠ ಸರಿಯಾಗಿ ನಡೆಯುತ್ತಿದೆಯೇ ಎಂದಷ್ಟೇ ನೋಡಿ ಹಣ ಕೊಡುವುದು ಆ ಪದ್ಧತಿ. ಇದರಿಂದ ಮಿಷನ್ ಶಾಲೆಗಳಿಗೆ ಬಲ ಬಂತು. 1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ಶುರುವಾದಾಗ ಅದರ ಮೊದಲ ಮುಖ್ಯಸ್ಥರಾದವರು ವೆಸ್ಲಿಯನ್ ಪಾದ್ರಿ ಜಾನ್ ಗ್ಯಾರೆಟ್. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದವರೂ ಅವರೇ. ಆ ಹೈಸ್ಕೂಲೇ ಮುಂದೆ ಸೆಂಟ್ರಲ್ ಕಾಲೇಜು ಆಯಿತು.

1860ರಲ್ಲಿ ಅದೇ ಹೈಸ್ಕೂಲಿನ ಮುಖ್ಯಸ್ಥರಾದ ಬೆಂಜಮಿನ್ ಲೂಯಿಸ್ ರೈಸ್ ಬೆಂಗಳೂರಿನಲ್ಲೇ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯ ಮಗ. 1868ರಲ್ಲಿ ಅವರು ಸಂಸ್ಥಾನದ ಶಿಕ್ಷಣ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದಾಗ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ಹಳ್ಳಿಯ ಹುಡುಗ ಹೋಬಳಿ ಶಾಲೆಯಿಂದ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗುವ ಮೆಟ್ಟಿಲುಗಳು ರೂಪುಗೊಂಡದ್ದು ಆ ಕಾಲದಲ್ಲಿ. ಇದೇ ರೈಸ್ ಮುಂದೆ ಶಾಸನಗಳ ಬೆನ್ನುಹತ್ತಿದರು. ಎಪಿಗ್ರಾಫಿಯ ಕರ್ನಾಟಿಕದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. ಆಗ ಆ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕಲ್ಲುಬರಹಗಳು ಅದರಲ್ಲಿವೆ.

ಪೇಟೆಯ ಮಿಷನ್ ಹೈಸ್ಕೂಲುಗಳ ಗುರಿ ಒಂದೇ ಆಗಿತ್ತು: ಮೆಟ್ರಿಕ್ಯುಲೇಷನ್. 1857ರಲ್ಲಿ ಸ್ಥಾಪನೆಯಾದ ಮದ್ರಾಸ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಪ್ರವೇಶ ಪರೀಕ್ಷೆ ಅದು. ಅದರಲ್ಲಿ ಪಾಸಾದರೆ ಕಾಲೇಜಿನ ಮೊದಲ ಹಂತವಾದ ಎಫ್.ಎ., ಆಮೇಲೆ ಬಿ.ಎ. ಮೈಸೂರು ಸಂಸ್ಥಾನಕ್ಕೆ ಆಗ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಹುಡುಗ ಏನು ಓದಬೇಕು ಎಂಬುದು ಮದ್ರಾಸಿನಲ್ಲಿ ತೀರ್ಮಾನವಾಗುತ್ತಿತ್ತು. ಪರೀಕ್ಷೆಯ ಭಾರವೆಲ್ಲ ಇಂಗ್ಲಿಷಿನ ಮೇಲಿತ್ತು. ಗಣಿತ, ಚರಿತ್ರೆಗಳಿಗೂ ಇಂಗ್ಲಿಷಿನಲ್ಲೇ ಉತ್ತರ ಬರೆಯಬೇಕಾಗಿತ್ತು. ಕನ್ನಡವೋ ಸಂಸ್ಕೃತವೋ ಎರಡನೇ ಭಾಷೆಯಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಇಂಗ್ಲಿಷ್ ಕಲಿಸುವುದರಲ್ಲಿ ಮಿಷನ್ ಶಾಲೆಗಳಿಗೆ ಹೆಸರಿದ್ದುದರಿಂದ ಮಡಿವಂತ ಮನೆತನಗಳೂ ಬೈಬಲ್ ಪಾಠದ ಗಂಟೆಯನ್ನು ಸಹಿಸಿಕೊಂಡು ಮಕ್ಕಳನ್ನು ಅಲ್ಲಿಗೆ ಕಳಿಸಿದವು. ಪಾದ್ರಿಗಳು ಬಯಸಿದಷ್ಟು ಮತಾಂತರ ಈ ಶಾಲೆಗಳಿಂದ ಆಗಲಿಲ್ಲ. ಗುಮಾಸ್ತರು, ಮೇಷ್ಟ್ರುಗಳು, ವಕೀಲರು, ಇಂಜಿನಿಯರುಗಳು ಮಾತ್ರ ಧಾರಾಳವಾಗಿ ಹೊರಬಂದರು.

ಹೀಗೆ ಹೊರಬಂದವರಲ್ಲಿ ಅತಿ ದೊಡ್ಡ ಹೆಸರು ಚಿಕ್ಕಬಳ್ಳಾಪುರ ತಾಲ್ಲೂಕಿನದೇ. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಮೊದಲ ಪಾಠಗಳನ್ನು ಕಲಿತದ್ದು ಚಿಕ್ಕಬಳ್ಳಾಪುರದಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಯಿತು. ಅವರು ಸೇರಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ. ಅಲ್ಲಿಂದ ಸೆಂಟ್ರಲ್ ಕಾಲೇಜು. ಖರ್ಚು ತೂಗಿಸಲು ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದರು. ಹಳ್ಳಿ, ತಾಲ್ಲೂಕು ಕೇಂದ್ರ, ಮಿಷನ್ ಹೈಸ್ಕೂಲು, ಸರ್ಕಾರಿ ಕಾಲೇಜು, ವಿದ್ಯಾರ್ಥಿವೇತನ: ಕಾಲೇಜಿಗೆ ಸಿದ್ಧಮಾಡುವ ವ್ಯವಸ್ಥೆ ಎಂದರೆ ಆಗ ಇದು. ಈ ಐದರಲ್ಲಿ ಒಂದು ತಪ್ಪಿದ್ದರೂ ಮುಂದಿನದಕ್ಕೆ ದಾರಿ ಇರುತ್ತಿರಲಿಲ್ಲ. ಮಿಷನ್ ಶಾಲೆ ಈ ಸಾಲಿನ ನಡುವಿನ ಒಂದು ಮೆಟ್ಟಿಲು, ಇಡೀ ಏಣಿಯಲ್ಲ.

ದಂಡಿನ ಶಾಲೆಗಳ ಕಥೆ ಬೇರೆ. ಕಲ್ಕತ್ತದ ಆಂಗ್ಲಿಕನ್ ಬಿಷಪ್ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಅವರಿಗೆ ಭಾರತದಲ್ಲಿದ್ದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳ ಓದಿನ ಚಿಂತೆ ಇತ್ತು. ಇಂಗ್ಲೆಂಡಿಗೆ ಕಳಿಸಲು ಹಣವಿಲ್ಲದ ಕುಟುಂಬಗಳಿಗೆ ಇಲ್ಲೇ ಒಳ್ಳೆಯ ಶಾಲೆ ಬೇಕೆಂದು ಅವರು ಶಿಮ್ಲಾದಲ್ಲಿ ಒಂದನ್ನು ಶುರುಮಾಡಿಸಿದರು. ಅದೇ ಮಾದರಿಯಲ್ಲಿ 1865ರಲ್ಲಿ ಬೆಂಗಳೂರಿನಲ್ಲಿ ಶಾಲೆ ತೆರೆದವರು ದಂಡಿನ ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟ್ಟಿಗ್ರೂ. ಮರುವರ್ಷವೇ ಕಾಟನ್ ಬಂಗಾಳದ ಕುಷ್ಟಿಯಾದಲ್ಲಿ ನದಿಗೆ ಬಿದ್ದು ತೀರಿಕೊಂಡರು. ಸೇಂಟ್ ಮಾರ್ಕ್ಸ್ ರಸ್ತೆಯ ಶಾಲೆಗೆ ಅವರ ಹೆಸರೇ ಉಳಿಯಿತು.

ಕಾಟನ್ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಲ್ಡ್ ಕೈಕೆಳಗೆ ಮೇಷ್ಟ್ರಾಗಿದ್ದವರು. ಅಲ್ಲಿನ ರೀತಿಯೇ ಇಲ್ಲಿಗೂ ಬಂತು. ದೊಡ್ಡ ತರಗತಿಯ ಹುಡುಗರಿಗೆ ಪ್ರಿಫೆಕ್ಟ್ ಎಂಬ ಅಧಿಕಾರ, ಮಕ್ಕಳನ್ನು ಹೌಸ್‌ಗಳಾಗಿ ವಿಂಗಡಿಸುವುದು, ಬೆಳಿಗ್ಗೆ ಪ್ರಾರ್ಥನೆ, ಸಂಜೆ ಕಡ್ಡಾಯ ಆಟ. ಇಂದು ಚಿಂತಾಮಣಿಯ ಯಾವುದೋ ಬಡಾವಣೆಯ ಖಾಸಗಿ ಶಾಲೆಯಲ್ಲೂ ಕೆಂಪು, ಹಸಿರು, ನೀಲಿ, ಹಳದಿ ಹೌಸ್‌ಗಳಿದ್ದರೆ, ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ಕ್ಯಾಪ್ಟನ್ ಸಾಲು ಸರಿಮಾಡುತ್ತಿದ್ದರೆ, ಅದರ ಮೂಲ ಈ ಇಂಗ್ಲಿಷ್ ವಸತಿ ಶಾಲೆಗಳ ಪದ್ಧತಿ. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ತಮಿಳು ವಿದ್ವಾಂಸ ಜಿ.ಯು. ಪೋಪ್ 1870ರ ದಶಕದಲ್ಲಿ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದರು. ಜನರಲ್ ಕೆ.ಎಸ್. ತಿಮ್ಮಯ್ಯ ಅಲ್ಲಿ ಓದಿದರು. ತುಮಕೂರಿನಲ್ಲಿ ಹುಟ್ಟಿದ ಅಣು ವಿಜ್ಞಾನಿ ರಾಜಾ ರಾಮಣ್ಣ ಕೂಡ ಅಲ್ಲಿಯ ವಿದ್ಯಾರ್ಥಿ.

ಕ್ಯಾಥೋಲಿಕರ ಪೈಕಿ ಫ್ರೆಂಚ್ ಪಾದ್ರಿಗಳು 1858ರಲ್ಲಿ ಸೇಂಟ್ ಜೋಸೆಫ್ಸ್ ಶಾಲೆಯನ್ನೂ 1882ರಲ್ಲಿ ಅದೇ ಹೆಸರಿನ ಕಾಲೇಜನ್ನೂ ಕಟ್ಟಿದರು. 1937ರಲ್ಲಿ ಅವುಗಳ ಆಡಳಿತ ಜೆಸ್ಯೂಟರ ಕೈಗೆ ಬಂತು. ಅಮೆರಿಕದ ಮೆಥಡಿಸ್ಟರು 1880ರಲ್ಲಿ ಶುರುಮಾಡಿದ ಶಾಲೆಗೆ ಹಣ ಕೊಟ್ಟವರು ಒಹಾಯೊ ರಾಜ್ಯದ ಬೆರಿಯಾ ಊರಿನ ಜಾನ್ ಬಾಲ್ಡ್‌ವಿನ್. ಅವರದೇ ಹೆಸರಿನ ವಿದ್ಯಾಸಂಸ್ಥೆ ಬೆರಿಯಾದಲ್ಲೂ ಇತ್ತು. ಕಾಲೇಜಿಗೆ ಸಿದ್ಧಮಾಡುವುದನ್ನೇ ಕಸುಬಾಗಿಸಿಕೊಂಡ ಖಾಸಗಿ ಶಾಲೆಗಳಿಗೆ ಅಮೆರಿಕದಲ್ಲಿ ಪ್ರೆಪ್ ಸ್ಕೂಲ್ ಎನ್ನುತ್ತಾರೆ. ಅಲ್ಲಿನ ದೊಡ್ಡ ನಗರಗಳಲ್ಲಿ ಚರ್ಚುಗಳು ನಡೆಸುವ ಇಂಥ ಶಾಲೆಗಳು ಇಂದಿಗೂ ಹಲವಿವೆ. ಬೆಂಗಳೂರಿನ ದಂಡಿನ ಶಾಲೆಗಳು ಅವುಗಳಿಗೆ ಹತ್ತಿರದ ನೆಂಟರು. ಇಲ್ಲಿನ ಮಕ್ಕಳು ಬರೆಯುತ್ತಿದ್ದದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸಮುದ್ರದಾಚೆಯಿಂದ ನಡೆಸುತ್ತಿದ್ದ ಪರೀಕ್ಷೆ. ಕನ್ನಡದ ಹುಡುಗರಿಗೆ ಇಲ್ಲಿ ಜಾಗ ಸಿಕ್ಕಿದ್ದು ತಡವಾಗಿ, ಅದೂ ಅನುಕೂಲಸ್ಥರಿಗೆ ಮೊದಲು.

ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಈ ಎರಡೂ ದಾರಿಗಳಿಗೆ ಪರ್ಯಾಯ ಹುಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮದ್ರಾಸಿನ ಮೆಟ್ರಿಕ್ಯುಲೇಷನ್ನಿಗಾಗಿ ಓದಿದ ಮಿಷನ್ ಶಾಲೆಯ ಹಳೆಯ ವಿದ್ಯಾರ್ಥಿಯೇ ಆ ಅವಲಂಬನೆ ತಪ್ಪಿಸಿದರು. ಮರುವರ್ಷ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಶುರುವಾಯಿತು. ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಕರೆಯ ಫಲ ಅದು. ಸರ್ಕಾರದ ನೆರಳೂ ಪಾದ್ರಿಗಳ ಪಾಠವೂ ಇಲ್ಲದೆ ಕಾಲೇಜಿಗೆ ಮಕ್ಕಳನ್ನು ಸಿದ್ಧಮಾಡಬಹುದು ಎಂದು ತೋರಿಸುವುದು ಅದರ ಉದ್ದೇಶ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಈ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಊರಿಂದ ಬೆಂಗಳೂರಿಗೆ ನಡೆದೇ ಬಂದರು. ಬಸ್ಸಿಗೆ ಕಾಸಿರಲಿಲ್ಲ. ಎರಡು ದಿನದ ನಡಿಗೆ. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯ ವಾಸ ಬಿಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹುಡುಗರು ಬೆಂಗಳೂರಿಗೆ ನಡೆದು ಹೋಗುವ ಬದಲು ಕಾಲೇಜೇ ಅವರ ಹತ್ತಿರ ಬರಲಿ ಎಂದು ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜುಗಳನ್ನು ಕಟ್ಟಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಕ್ರೈಸ್ತ ಶಾಲೆಗಳ ಆಡಳಿತ ಬದಲಾಯಿತು. 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನ್, ವೆಸ್ಲಿಯನ್, ಲಂಡನ್ ಮಿಷನ್ ಪರಂಪರೆಯ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಚಿಕ್ಕಬಳ್ಳಾಪುರದವರಿಗೆ ಈ ಸಿಎಸ್‌ಐ ಹೆಸರು ಶಾಲೆಗಿಂತ ಆಸ್ಪತ್ರೆಯಿಂದಲೇ ಪರಿಚಿತ. ಲಂಡನ್ ಮಿಷನ್ ಕಾಲದ ಆ ಆಸ್ಪತ್ರೆ ಊರಿನ ಹಳೆಯ ಗುರುತುಗಳಲ್ಲಿ ಒಂದು. ಬಾಲ್ಡ್‌ವಿನ್ ಶಾಲೆಗಳನ್ನು ನಡೆಸುವ ಮೆಥಡಿಸ್ಟ್ ಸಭೆ ಈ ಒಕ್ಕೂಟಕ್ಕೆ ಸೇರಲಿಲ್ಲ. ದಂಡಿನ ಶಾಲೆಗಳ ಪರೀಕ್ಷೆಯೂ ದೇಶೀಯವಾಯಿತು. 1958ರಲ್ಲಿ ಹುಟ್ಟಿದ ಮಂಡಳಿಯೊಂದು ಕೇಂಬ್ರಿಡ್ಜ್ ಪರೀಕ್ಷೆಯ ಜಾಗಕ್ಕೆ ಐಸಿಎಸ್‌ಇ ತಂದಿತು. ಬಿಷಪ್ ಕಾಟನ್, ಬಾಲ್ಡ್‌ವಿನ್ ಮುಂತಾದ ಶಾಲೆಗಳಲ್ಲಿ ಇಂದು ನಡೆಯುವುದು ಆ ಪಠ್ಯಕ್ರಮ.

ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಈ ಹಕ್ಕಿನ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ವಿವರಿಸಿತು. ಆಡಳಿತದ ಹಕ್ಕು ಇದೆ, ಆದರೆ ಶಿಕ್ಷಣದ ಗುಣಮಟ್ಟದ ನಿಯಮಗಳಿಂದ ವಿನಾಯಿತಿ ಇಲ್ಲ ಎಂಬುದು ಅದರ ಸಾರ. ಇನ್ನೊಂದು ಕಡೆ 28ನೇ ವಿಧಿ ಮಕ್ಕಳನ್ನು ಕಾಯುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ಆದ್ದರಿಂದಲೇ ಕ್ಯಾಥೋಲಿಕ್ ಶಾಲೆಗಳಲ್ಲಿ ಆ ಪಂಗಡದ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದರೆ ಉಳಿದವರಿಗೆ ಮಾರಲ್ ಸೈನ್ಸ್ ಪಾಠ ನಡೆಯುತ್ತದೆ.

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಿಂದ ಎರಡು ತೀರ್ಪು ಬಂದವು. ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಾಯಿತು. ಅಂದರೆ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಶೇ 25ರಷ್ಟು ಸೀಟು ಕೊಡುವ ಹೊಣೆ ಅವುಗಳ ಮೇಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಇದನ್ನು ನೋಡಬೇಕು ಎಂದಿದೆ. ಎರಡನೆಯದು ಕರ್ನಾಟಕದ್ದೇ ಪ್ರಕರಣ. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಇರಬೇಕೆಂದು ಸರ್ಕಾರ ಖಾಸಗಿ ಶಾಲೆಗಳನ್ನು ಒತ್ತಾಯಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಆಮೇಲೆ ರಾಜ್ಯ ಸರ್ಕಾರ 2015ರಲ್ಲಿ ಕನ್ನಡ ಭಾಷಾ ಕಲಿಕಾ ಕಾಯ್ದೆ ತಂದು, ಮಾಧ್ಯಮ ಯಾವುದಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎಂದು ಮಾಡಿತು.

ಕಾಲೇಜಿಗೆ ಸಿದ್ಧಮಾಡುವ ಕೆಲಸ ಈಗ ಹೈಸ್ಕೂಲಿನಲ್ಲಿ ಉಳಿದಿಲ್ಲ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲಿನ ಎರಡು ವರ್ಷದ ಪಿಯುಸಿಯೇ ಆ ಹಂತ. ಹತ್ತನೇ ತರಗತಿಯವರೆಗೆ ಐಸಿಎಸ್‌ಇ ಓದಿದವರೂ ಬಹಳಷ್ಟು ಮಂದಿ ಅಲ್ಲಿಗೆ ಬಿಟ್ಟು ಪಿಯು ಕಾಲೇಜಿಗೆ ಸೇರುತ್ತಾರೆ. ಇಲ್ಲೂ ಕ್ರೈಸ್ತ ಸಂಸ್ಥೆಗಳಿವೆ. ಸೇಂಟ್ ಜೋಸೆಫ್ಸ್, 1948ರ ಮೌಂಟ್ ಕಾರ್ಮೆಲ್, 1969ರ ಕ್ರೈಸ್ಟ್ ಹೆಸರುಗಳು ನಮ್ಮ ತಾಲ್ಲೂಕುಗಳ ಮನೆಗಳಲ್ಲೂ ಕೇಳಿಬರುತ್ತವೆ. ಆದರೆ ಕಾಲೇಜಿನ ಬಾಗಿಲು ತೆರೆಯುವುದು ಶಾಲೆಯ ಹೆಸರಲ್ಲ. ವೈದ್ಯಕೀಯಕ್ಕೆ ನೀಟ್ ಅಂಕವೊಂದೇ ಲೆಕ್ಕಕ್ಕೆ. ರಾಜ್ಯದ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಅಂಕ ಅರ್ಧ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಪಿಯುಸಿ ಅಂಕ ಅರ್ಧ. ಕಾನ್ವೆಂಟಿನಿಂದ ಬಂದವನಿಗೂ ಸರ್ಕಾರಿ ಪಿಯು ಕಾಲೇಜಿನಿಂದ ಬಂದವಳಿಗೂ ಪ್ರಶ್ನೆಪತ್ರಿಕೆ ಒಂದೇ. ಹೀಗಾಗಿ ಹಳೆಯ ಮಿಷನ್ ಹೈಸ್ಕೂಲು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಇವತ್ತು ಕೋಚಿಂಗ್ ಸೆಂಟರುಗಳು ಕಿತ್ತುಕೊಂಡಿವೆ.

2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಿಕ್ಕಬಳ್ಳಾಪುರದಲ್ಲಿಯೂ ವ್ಯವಸ್ಥೆ ಬೆಳೆದಿದೆ. ಆದಿಚುಂಚನಗಿರಿ ಮಠ ನಡೆಸುವ ಇಂಜಿನಿಯರಿಂಗ್ ಕಾಲೇಜು 1986ರಿಂದಲೂ ಚಿಕ್ಕಬಳ್ಳಾಪುರದಲ್ಲಿದೆ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ. ಶಾಲೆ, ಹಾಸ್ಟೆಲ್, ಪ್ರಾರ್ಥನೆ, ಶಿಸ್ತು, ಮೇಲೊಂದು ಧಾರ್ಮಿಕ ಸಂಸ್ಥೆಯ ಆಸರೆ ಎಂಬ ಮಿಷನ್ ಶಾಲೆಯ ಮಾದರಿಯನ್ನು ಮಠಗಳೂ ಟ್ರಸ್ಟುಗಳೂ ತಮ್ಮದಾಗಿಸಿಕೊಂಡಿವೆ. ಕಾನ್ವೆಂಟ್ ಎಂಬ ಮಾತು ಕ್ರೈಸ್ತ ಸಂನ್ಯಾಸಿನಿಯರ ಮಠದಿಂದ ಬಿಡಿಸಿಕೊಂಡು ಯಾವುದೇ ಇಂಗ್ಲಿಷ್ ಮಾಧ್ಯಮದ ಶಾಲೆಗೂ ಅಂಟಿಕೊಂಡಿರುವುದು ಇದರ ಗುರುತು.

ಆದರೂ ಶಿಡ್ಲಘಟ್ಟದ ರೇಷ್ಮೆ ರೀಲರ್, ಚಿಂತಾಮಣಿಯ ಟೊಮೆಟೊ ಬೆಳೆಗಾರ ಮಗಳನ್ನು ಬೆಂಗಳೂರಿನ ಕ್ರೈಸ್ತ ಕಾಲೇಜಿಗೇ ಸೇರಿಸಬೇಕು ಎಂದು ಆಸೆಪಟ್ಟರೆ ಅದರಲ್ಲಿ ಅರ್ಥವಿಲ್ಲದಿಲ್ಲ. ಹೆಣ್ಣುಮಕ್ಕಳಿಗೆ ಭದ್ರವಾದ ಹಾಸ್ಟೆಲ್, ಕಟ್ಟುನಿಟ್ಟಿನ ಹಾಜರಾತಿ, ಒಳ್ಳೆಯ ಗ್ರಂಥಾಲಯ, ಇಂಗ್ಲಿಷ್ ಮಾತಾಡುವ ವಾತಾವರಣ ಇವು ನಿಜವಾದ ಅನುಕೂಲಗಳು. ತೊಡಕೂ ಅಷ್ಟೇ ನಿಜ. ಈ ಗಡಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು ಅಥವಾ ಉರ್ದು. ಶಾಲೆಯಲ್ಲಿ ಕಲಿತದ್ದು ಕನ್ನಡ. ಪಿಯುಸಿ ವಿಜ್ಞಾನ ಪೂರ್ತಿ ಇಂಗ್ಲಿಷ್. ಹೈಸ್ಕೂಲಿನಲ್ಲಿ ‘ವೇಗೋತ್ಕರ್ಷ’ ಎಂದು ಕಲಿತ ಹುಡುಗಿ ಮೊದಲ ವಾರ ‘ಆಕ್ಸಲರೇಷನ್’ ಎಂಬುದು ಅದೇ ಎಂದು ಗೊತ್ತಾಗದೆ ಸುಮ್ಮನೆ ಕೂರುತ್ತಾಳೆ. ಅವಳಿಗೆ ಭೌತಶಾಸ್ತ್ರ ಬರುತ್ತದೆ, ಭಾಷೆ ಅಡ್ಡ ಬರುತ್ತದೆ. ಮೊದಲ ತಿಂಗಳುಗಳಲ್ಲಿ ಇಂಥ ಮಕ್ಕಳಿಗೆ ಪ್ರತ್ಯೇಕವಾಗಿ ಪಾಠ ಹೇಳಿಕೊಡುವ ಏರ್ಪಾಡು ಇದೆಯೇ ಎಂಬುದೇ ಒಂದು ಕಾಲೇಜು ಹಳ್ಳಿಯ ಮಕ್ಕಳಿಗೆ ಹೊಂದುತ್ತದೆಯೇ ಇಲ್ಲವೇ ಎಂಬುದಕ್ಕೆ ಅಳತೆಗೋಲು.

ಆದ್ದರಿಂದ ಅರ್ಜಿ ಹಾಕುವ ಮುನ್ನ ಪೋಷಕರು ವಿಚಾರಿಸಬೇಕಾದದ್ದು ಕಟ್ಟಡದ ವಯಸ್ಸನ್ನಲ್ಲ. ಯಾವ ಮಂಡಳಿಯ ಪಠ್ಯಕ್ರಮ, ಸಂಸ್ಥೆ ಅನುದಾನಿತವೋ ಅಲ್ಲವೋ, ಬೋಧನಾ ಶುಲ್ಕದ ಜೊತೆ ಹಾಸ್ಟೆಲ್ ಮತ್ತು ಕೋಚಿಂಗಿಗೆ ಎಷ್ಟು, ಕನ್ನಡ ಮಾಧ್ಯಮದಿಂದ ಬಂದವರಿಗೆ ಏನು ನೆರವು, ವಿದ್ಯಾರ್ಥಿವೇತನ ಇದೆಯೇ ಎಂಬುದನ್ನು ಕೇಳಿ, ಶುಲ್ಕಕ್ಕೆ ರಸೀದಿ ಪಡೆಯಬೇಕು. ವಿಶ್ವೇಶ್ವರಯ್ಯನವರನ್ನು ಮುಂದೆ ತಂದದ್ದು ಮಿಷನ್ ಶಾಲೆಯ ಇಂಗ್ಲಿಷ್ ಪಾಠದ ಜೊತೆಗೆ ಸರ್ಕಾರಿ ಕಾಲೇಜು ಮತ್ತು ವಿದ್ಯಾರ್ಥಿವೇತನ. ನರಸಿಂಹಯ್ಯನವರಿಗೆ ಮಿಷನ್ ಶಾಲೆ ಬೇಕಾಗಲೇ ಇಲ್ಲ. ಬೆಂಗಳೂರಿನ ಕ್ರೈಸ್ತ ಶಾಲೆಗಳ ಕೊಡುಗೆ ದೊಡ್ಡದು. ಆದರೆ ತಾಲ್ಲೂಕು ಕೇಂದ್ರದ ಹೈಸ್ಕೂಲು ಮತ್ತು ಸರ್ಕಾರಿ ಪಿಯು ಕಾಲೇಜು ಗಟ್ಟಿಯಾಗದೆ ಈ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಮಕ್ಕಳಿಗೆ ಕಾಲೇಜಿನ ದಾರಿ ಸಲೀಸಾಗುವುದಿಲ್ಲ.